ಎತ್ತಿದ್ದನ್ನು ಎಲ್ಲರೂ ನೋಡಿದರು

ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಪಕ್ಕದ ಬೆಡ್ಡಿನ ಹುಡುಗನಿಗೆ ನನ್ನ ಫೋನಿನಲ್ಲಿದ್ದ ಒಂದು ವಿಡಿಯೊ ತೋರಿಸಿದೆ. ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ, "ಯೇ ಮೈ ಹೂಂ, ಆಂಟಿ" ಅಂದ. ಇದು ನಾನೇ ಅಂತೆ.

ನಾನು ಎದ್ದು ಕೂತೆ. ವಾರದಿಂದ ಎಲ್ಲರ ಬಾಯಲ್ಲಿರುವ ಬಾಸ್ಕೆಟ್‌ಬಾಲ್ ಸ್ಟಾರ್ ನನ್ನ ಪಕ್ಕದಲ್ಲೇ ಕಾಲು ಚಾಚಿ ಮಲಗಿದ್ದಾನೆಯೇ? ಹುಡುಗ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಸ್ಟಾರ್ ಅಲ್ಲ. ಸ್ಟಾರ್ ಕೈಹಿಡಿದು ಎತ್ತುತ್ತಿದ್ದಾನಲ್ಲ, ನೆಲದ ಮೇಲೆ ಬಿದ್ದವನು, ಅವನು.

ನೀವೂ ಆ ವಿಡಿಯೊ ನೋಡಿರುತ್ತೀರಿ. ನೋಡಿಲ್ಲವೆಂದರೆ ನೀವು ಯಾವ ವಾಟ್ಸಾಪ್ ಗ್ರೂಪಿನಲ್ಲೂ ಇಲ್ಲದ ಪುಣ್ಯವಂತರು. ನವಿ ಮುಂಬೈಯ ಒಂದು ಕಾಲೇಜಿನ ಕೋರ್ಟು. ಪಂದ್ಯದ ಕೊನೆಯ ಗಳಿಗೆ. ಎದುರು ತಂಡದ ಹುಡುಗನೊಬ್ಬ ನೆಲದ ಮೇಲೆ ಬಿದ್ದಿದ್ದಾನೆ. ಆ ಸ್ಟಾರ್, ನಮ್ಮ ನಿಹಾಲ್, ಆಟ ಬಿಟ್ಟು ಓಡಿಬಂದು ಅವನ ಕೈಹಿಡಿದು ಎತ್ತುತ್ತಾನೆ, ಬೆನ್ನು ತಟ್ಟುತ್ತಾನೆ. ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ದಪ್ಪಕ್ಷರದಲ್ಲಿ "ಸಂಸ್ಕಾರ ಅಂದ್ರೆ ಇದು!"

ನಿಹಾಲ್‌ಗೆ ಹತ್ತೊಂಬತ್ತು ವರ್ಷ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು. ಅಪ್ಪ ಅಮ್ಮ ಉಡುಪಿ ಕಡೆಯವರು. ಅವನು ಒಂದು ಪಂದ್ಯದಲ್ಲಿ ಎಷ್ಟು ಬಾಸ್ಕೆಟ್ ಹಾಕುತ್ತಾನೆ ಎಂದು ನಮ್ಮ ಗ್ರೂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನ ಮನಸ್ಸು ಎಷ್ಟು ದೊಡ್ಡದು ಎಂಬುದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. (ನಾನೂ ಮೂರು ಗ್ರೂಪಿಗೆ ಕಳಿಸಿದ್ದೆ. ಸುಳ್ಳು ಯಾಕೆ ಹೇಳಲಿ?)

ಕಳಿಸಿದ ಮೇಲೆ ಅನುಮಾನ ಶುರುವಾಯಿತು. ನನಗೆ ಮೊದಲಿನಿಂದಲೂ ಒಂದು ಕೆಟ್ಟ ಬುದ್ಧಿ. ಯಾರಾದರೂ ಅತಿ ವಿನಯ ತೋರಿಸಿದರೆ ಕೂಡಲೇ ನನ್ನ ಪರ್ಸ್ ಮುಟ್ಟಿ ನೋಡಿಕೊಳ್ಳುತ್ತೇನೆ. ಠಾಣೆಯಿಂದ ಮುಂಬೈಗೆ ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲ, ಅವನು ಬಗ್ಗುವ ಹೊತ್ತಿಗೆ ಸರಿಯಾಗಿ ಅಷ್ಟು ಹತ್ತಿರದಲ್ಲಿ ಫೋನ್ ಹಿಡಿದು ನಿಂತಿದ್ದವರು ಯಾರು? ವಿಡಿಯೊ ಹುಡುಗ ಬಿದ್ದ ಮೇಲೆಯೇ ಯಾಕೆ ಶುರುವಾಗುತ್ತದೆ?

ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳುವಷ್ಟರಲ್ಲಿ ಜಯರಾಮಣ್ಣನ ಫೋನು ಬಂತು. ಜಯರಾಮಣ್ಣ ಕೋಪರಿಯಲ್ಲಿ ವೆಜಿಟೇರಿಯನ್ ಹೋಟೆಲು ನಡೆಸುವವರು, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ.

"ಅಕ್ಕ, ಬರುವ ಆದಿತ್ಯವಾರ ನಿಹಾಲ್‌ಗೆ ಸನ್ಮಾನ. ಸನ್ಮಾನ ಪತ್ರ ನೀವೇ ಬರ್ದು ಕೊಡ್ಬೇಕು."

"ನನಗೆ ಬಾಸ್ಕೆಟ್‌ಬಾಲಿನ ಗಂಧವೇ ಇಲ್ಲ ಜಯರಾಮಣ್ಣ."

"ಆಟದ್ದು ಯಾರಿಗೆ ಬೇಕು ಮಾರಾಯ್ರೆ? ಗುಣದ್ದು ಬರೀರಿ. ಆ ಎತ್ತಿದ ವಿಷಯ ಮುಖ್ಯವಾಗಿ ಬರ್ಬೇಕು, ಆಯ್ತಾ?"

ನಮ್ಮ ಸಂಘದ ಸನ್ಮಾನ ಪತ್ರದ ಕಥೆ ನಿಮಗೆ ಹೇಳಲೇಬೇಕು. ಕಂಪ್ಯೂಟರಿನಲ್ಲಿ ಒಂದೇ ಪತ್ರ ಇದೆ. ಪ್ರತಿ ವರ್ಷ ಹೆಸರು ಬದಲಾಯಿಸಿ, ಚೌಕಟ್ಟು ಹಾಕಿಸಿ, ಶಾಲು ಪೇಟ ತೊಟ್ಟು ಕೂತವರ ಮುಂದೆ ಗಟ್ಟಿಯಾಗಿ ಓದುತ್ತೇವೆ. ಹಿಂದೊಮ್ಮೆ ಹೋಟೆಲಿನವರೊಬ್ಬರಿಗೆ ಬರೆದ ಪತ್ರದಲ್ಲಿ ಹೆಸರು ಮಾತ್ರ ತಿದ್ದಿ, ಹಲ್ಲಿನ ಡಾಕ್ಟರನ್ನು "ಹಸಿದು ಬಂದವರ ಪಾಲಿನ ಅನ್ನದಾತ" ಎಂದು ಹೊಗಳಿಬಿಟ್ಟೆವು. ಡಾಕ್ಟರು ಕೈಮುಗಿದರು. ಸಭೆ ಚಪ್ಪಾಳೆ ತಟ್ಟಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಈ ಸಲ ಹಾಗಾಗಬಾರದು ಎಂದು ನಾನೇ ಒಪ್ಪಿಕೊಂಡೆ. ಮಂಗಳವಾರ ಮಂಡಿನೋವಿಗೆ ಕ್ಲಿನಿಕ್ಕಿಗೆ ಹೋದಾಗ, ಪಕ್ಕದಲ್ಲಿ ಉದ್ದನೆಯ ಹುಡುಗ ಸ್ಪೋರ್ಟ್ಸ್ ಟೀಶರ್ಟ್ ಹಾಕಿಕೊಂಡು ಮಲಗಿದ್ದ. ಆಟ ತಿಳಿದವನು ಇರಬೇಕು, ಸನ್ಮಾನ ಪತ್ರದ ವಿಷಯ ಹೇಳಿ ಇದರಲ್ಲಿ ವಿಶೇಷವೇನು ಎಂದು ಕೇಳೋಣ ಅಂತ ವಿಡಿಯೊ ತೋರಿಸಿದ್ದು.

ಅವನ ಹೆಸರು ಮಲ್ಲಿಕಾರ್ಜುನ. ಮಲ್ಲು. ಠಾಣೆ ಪಕ್ಕದ ಕಳವಾ ಎಂಬಲ್ಲಿನವನು. ಅಪ್ಪ ರೈಲ್ವೆ ಕಾರ್‌ಶೆಡ್ಡಿನಲ್ಲಿ ಕಾಂಟ್ರಾಕ್ಟ್ ಕೆಲಸಗಾರ, ಊರು ಕಲಬುರಗಿ ಕಡೆ. ಬಲಪಾದದ ಕೀಲಿನ ಲಿಗಮೆಂಟ್ ಹರಿದಿದೆ. ಇನ್ನು ನಾಲ್ಕೇ ದಿನಕ್ಕೆ, ಶನಿವಾರ, ಯೂನಿವರ್ಸಿಟಿ ಟೀಮಿನ ಟ್ರಯಲ್ಸ್ ಇತ್ತು. ಮಲ್ಲುವಿಗೆ ಇದು ಕಾಲೇಜಿನ ಕೊನೆಯ ವರ್ಷ. ಟೀಮಿಗೆ ಸೇರಿದ್ದರೆ ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿಗೆ ಅರ್ಜಿ ಹಾಕಬಹುದಿತ್ತು. ಈಗ ಅವನು ನೆಟ್ಟಗೆ ನಿಲ್ಲುವುದೇ ಕಷ್ಟ.

"ಬಿದ್ದದ್ದು ಹೇಗಪ್ಪಾ?" ಎಂದೆ.

ಅವನು ಹಿಂದಿಯಲ್ಲೇ ಹೇಳಿದ. ತಾನು ಹಾರಿ ಶಾಟ್ ಹೊಡೆದು ಕೆಳಗಿಳಿಯುವಾಗ ನಿಹಾಲ್‌ನ ಕಾಲು ಅಡಿಯಲ್ಲಿತ್ತು. ಅದರ ಮೇಲೆ ಇಳಿದು ಪಾದ ತಿರುಚಿತು. ಕೆಲವರು ಬೇಕೆಂದೇ ಹಾಗೆ ಕಾಲು ಕೊಡುತ್ತಾರೆ, ಕೆಲವು ಸಲ ತಪ್ಪಿಯೂ ಆಗುತ್ತದೆ. ರೆಫರಿ ನೋಡಲಿಲ್ಲ. ಇಷ್ಟೇ ಹೇಳಿದ.

ಬೆಡ್ಡಿನ ಪಕ್ಕ ಕೂತಿದ್ದ ಅವನ ಅಮ್ಮ ಅಷ್ಟಕ್ಕೆ ಬಿಡಲಿಲ್ಲ. "ನಮ್ಮ ಹುಡುಗನ್ನ ಎತ್ತಿದ್ದು ಊರಿಗೆ ಊರೇ ನೋಡೇತ್ರಿ ಅಕ್ಕಾರ. ಕೆಡವಿದ್ದು ಯಾರೂ ನೋಡಿಲ್ಲ."

ನನ್ನ ಮಂಡಿನೋವು ಮರೆತುಹೋಯಿತು. ನೋಡಿ, ಅನುಮಾನ ನಿಜವಾದಾಗ ಒಂದು ಕೆಟ್ಟ ಖುಷಿಯಾಗುತ್ತದೆ. ನನಗೂ ಆಯಿತು. ನಾನು ಮೊದಲೇ ಅಂದುಕೊಂಡಿದ್ದೆ ಎಂದು ಮನೆಗೆ ಬರುವವರೆಗೂ ಆಟೋದಲ್ಲಿ ನನಗೆ ನಾನೇ ಹೇಳಿಕೊಂಡೆ.

ಗುರುವಾರ ನಿಹಾಲ್‌ನನ್ನು ಪತ್ರದ ನೆಪದಲ್ಲಿ ವರ್ತಕ ನಗರದ ನಮ್ಮ ಮನೆಗೆ ಕರೆಸಿದೆ. ಅಮ್ಮನೊಂದಿಗೆ ಬಂದ. ಜೊತೆಗೊಬ್ಬ ಕಸಿನ್. ನಿಹಾಲ್‌ನ ಇನ್‌ಸ್ಟಾ ಪೇಜು ನೋಡಿಕೊಳ್ಳುವವನು ಅವನೇ ಅಂತೆ. (ಫೋನ್ ಹಿಡಿದು ನಿಂತಿದ್ದವರು ಯಾರೆಂಬ ಪ್ರಶ್ನೆಗೆ ಉತ್ತರ ನಡೆದುಕೊಂಡು ಮನೆಗೇ ಬಂತು.) ನಿಹಾಲ್ ಬಗ್ಗಿ ನನ್ನ ಕಾಲು ಮುಟ್ಟಿದ. ನನ್ನ ಗಂಡನ ಕಾಲು ಮುಟ್ಟಿದ. ನೀರಿನ ಕ್ಯಾನ್ ತಂದವನ ಕಾಲಿಗೂ ಬಗ್ಗುತ್ತಿದ್ದ, ಅವನು ಹಿಂದೆ ಸರಿದ.

ಅವನ ಅಮ್ಮ ಒಂದು ಹಾಳೆ ತಂದಿದ್ದರು. ಬಾಲ್ಯದಿಂದಲೂ ಶಾಂತ ಸ್ವಭಾವ, ಹಿರಿಯರಲ್ಲಿ ಭಕ್ತಿ, ಪರೋಪಕಾರ. ಗುಣಗಳ ಪಟ್ಟಿ ರೆಡಿ ಇತ್ತು.

ನಾನು ಪೆನ್ನು ಕೆಳಗಿಟ್ಟು ಕೇಳಿದೆ, "ಬಿದ್ದ ಹುಡುಗನ ಹೆಸರೇನು ನಿಹಾಲ್?"

ಅವನು ಕಸಿನ್ ಮುಖ ನೋಡಿದ. ಕಸಿನ್ ಫೋನ್ ನೋಡಿದ.

"ಅವನ ಕಾಲಿನ ಅಡಿಗೆ ನಿನ್ನ ಕಾಲು ಹೋಗಿತ್ತಾ?"

"ಆಟದಲ್ಲಿ ಅದೆಲ್ಲ ಇರ್ತದಲ್ಲ ಅಕ್ಕ," ಎಂದು ಅಮ್ಮ ನಡುವೆ ಬಾಯಿ ಹಾಕಿದರು. "ಇವ ಎಂಥ ಮಾಡ್ಲಿಕ್ಕಾಗ್ತದೆ?"

ನಿಹಾಲ್ ತಲೆ ತಗ್ಗಿಸಿ ಕೂತಿದ್ದ. ತಲೆ ಎತ್ತದೆಯೇ, "ಪೈರ್ ಗಯಾ ಥಾ, ಆಂಟಿ" ಅಂದ. ಕಾಲು ಹೋಗಿತ್ತಂತೆ. ಬೇಕೆಂದೇ ಹೋಯಿತೇ ಎನ್ನುವುದು ತನಗೂ ಗೊತ್ತಿಲ್ಲವಂತೆ. "ಮುಝೇ ಭೀ ನಹೀ ಪತಾ" ಎಂದು ಎರಡು ಸಲ ಹೇಳಿದ.

ಆ ಹಾಳೆಯಲ್ಲಿದ್ದ ಯಾವ ಗುಣಕ್ಕಿಂತಲೂ ಈ ಮಾತು ನನಗೆ ಹಿಡಿಸಿತು. ಕೂಡಲೇ ಅದರ ಮೇಲೂ ಅನುಮಾನ ಬಂತು. ಇದನ್ನೂ ಯಾರಾದರೂ ಹೇಳಿಕೊಟ್ಟರೇ? ನನ್ನ ರೋಗಕ್ಕೆ ಮದ್ದಿಲ್ಲ, ಬಿಡಿ.

ಪತ್ರ ಬರೆದೆ. ಆಟದ ವಿವರ ಅವನಿಂದಲೇ ಕೇಳಿ ಬರೆದೆ. ಗುಣಗಾನ ಬಿಟ್ಟೆ. ಎತ್ತಿದ ವಿಷಯವನ್ನೂ ಬಿಟ್ಟೆ. ಕೊನೆಗೆ ಒಂದು ಸಾಲು ಸೇರಿಸಿದೆ: "ಅಂದು ಗಾಯಗೊಂಡ, ಕಳವಾ ಊರಿನ ಆಟಗಾರ ಮಲ್ಲಿಕಾರ್ಜುನ ಬೇಗ ಗುಣವಾಗಲೆಂದು ಸಂಘ ಹಾರೈಸುತ್ತದೆ."

ಜಯರಾಮಣ್ಣನಿಗೆ ತಲೆಬಿಸಿಯಾಯಿತು. "ಎಂಥ ಅಕ್ಕ ಇದು? ಸನ್ಮಾನ ಯಾರಿಗೆ, ಹೆಸರು ಯಾರದ್ದು?"

"ಅವನೂ ಕನ್ನಡದವನೇ, ಜಯರಾಮಣ್ಣ."

"ಇರ್ಬಹುದು. ಆದ್ರೆ ಅವ ನಮ್ಮ ಮೆಂಬರ್ ಅಲ್ಲ ಅಲ್ವಾ?"

ಶನಿವಾರ ಟ್ರಯಲ್ಸ್ ಮುಗಿಯಿತು. ನಿಹಾಲ್ ಆಯ್ಕೆಯಾದ. ಭಾನುವಾರ ಹಾಲ್ ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಪತ್ರ ಓದಿದರು. "ಬಿದ್ದವರನ್ನು ಕೈಹಿಡಿದೆತ್ತುವ ಉದಾತ್ತ ಗುಣದ ಗಣಿಯೇ..." ನನ್ನ ಸಾಲು ಒಂದೂ ಇರಲಿಲ್ಲ. ಕೊನೆಯಲ್ಲಿ ಪತ್ರ ಬರೆದವರೆಂದು ನನ್ನ ಹೆಸರು ಮಾತ್ರ ಇತ್ತು. ಕೈಹಿಡಿದೆತ್ತುವ ಆ ಸಾಲು ಬಂದಾಗ ನಿಹಾಲ್‌ನ ತಲೆ ಬಗ್ಗಿತು. ನಾಚಿಕೆಯೋ, ಪೇಟ ದೊಡ್ಡದಾಗಿತ್ತೋ?

ಎದ್ದು ನಿಂತು ಇದು ನಾನು ಬರೆದದ್ದಲ್ಲ ಎನ್ನಬಹುದಿತ್ತು. ಎರಡನೇ ಸಾಲಿನಲ್ಲೇ ಕೂತಿದ್ದೆ. ಎನ್ನಲಿಲ್ಲ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಮೊನ್ನೆ ಮಂಗಳವಾರ ಕ್ಲಿನಿಕ್ಕಿಗೆ ಹೋಗಲು ಮುಖವಿರಲಿಲ್ಲ. ಹೋದೆ. ಮಲ್ಲು ಪಕ್ಕದ ಬೆಡ್ಡಿನಲ್ಲೇ ಇದ್ದ.

"ಆಂಟಿ, ನಿಹಾಲ್ ಆಯಾ ಥಾ. ಕಲ್." ಸೋಮವಾರ ಕಳವಾ ಊರಿನ ಅವರ ಮನೆ ಹುಡುಕಿಕೊಂಡು ನಿಹಾಲ್ ಹೋಗಿದ್ದನಂತೆ. ಸಾರಿ ಕೇಳಿದನಂತೆ.

ನನ್ನ ಬಾಯಿಂದ ಮೊದಲು ಬಂದ ಪ್ರಶ್ನೆ ಏನು ಗೊತ್ತೇ? "ವಿಡಿಯೊ ಮಾಡಿಕೊಂಡನಾ?"

"ನಹೀ ಆಂಟಿ. ಅಕೇಲಾ ಆಯಾ ಥಾ." ಒಬ್ಬನೇ ಬಂದು, ಅರ್ಧ ಗಂಟೆ ಕೂತು, ಚಹಾ ಕುಡಿದು ಹೋದನಂತೆ.

ನನಗೆ ಎದೆ ಹಗುರಾಯಿತು. ಪರವಾಗಿಲ್ಲ, ಹುಡುಗ ಒಳ್ಳೆಯವನೇ ಇರಬೇಕು, ಇದನ್ನು ಬರೆಯಬೇಕು ಎಂದು ಮಲ್ಲುವಿನ ಅಮ್ಮನಿಗೆ ಹೇಳಿದೆ. ಆಕೆ ಮಗನ ಕಾಲಿಗೆ ಕ್ರೇಪ್ ಬ್ಯಾಂಡೇಜು ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಒಳ್ಳೇವ ಇರಬಹುದ್ರಿ. ಟ್ರಯಲ್ ತಿರುಗಿ ಬರ್ತೈತೇನು? ಎತ್ತಿದಾಗೂ ಅವನ ಮ್ಯಾಲೇ ಬರದ್ರಿ, ಸಾರಿ ಕೇಳಿದಾಗೂ ಅವನ ಮ್ಯಾಲೇ ಬರೀತೀರೇನು?"

ಮನೆಗೆ ಬಂದು ಇಷ್ಟು ಬರೆದೆ. ಬರೆದು ಮುಗಿಸಿ ಮೇಲಿನಿಂದ ಓದಿದೆ. ಎಲ್ಲರನ್ನೂ ಅನುಮಾನಿಸಿದ ನಾನು, ಈ ಮಲ್ಲು ಎಂಥ ಆಟಗಾರ ಎಂದು ಒಂದು ಸಲವಾದರೂ ಕೇಳಿದ್ದೇನೆಯೇ?