ಹೊಲಿಗೆ ಅಂಗಡಿಯ ಟಕ್ ಟಕ್

ನಮ್ಮ ಚಿಕ್ಕಮ್ಮ ಟೈಲರ್. ಹೊಲಿಗೆ ಮಿಷನ್ ಪಕ್ಕದಲ್ಲೇ ಅವಳ ಉಪ್ಪುನೀರಿನ ಮೀನಿನ ತೊಟ್ಟಿ. ಅದಕ್ಕೆಂದು ಅವಳ ಓರಗಿತ್ತಿ ತನ್ನ ತೊಟ್ಟಿಯಿಂದಲೇ ಒಂದು ಸಮುದ್ರದ ಕಲ್ಲು ತೆಗೆದು ಕೊಟ್ಟಿದ್ದಳು. ಆಮೇಲೆ ಒಂದೊಂದೇ ಮೀನು ಮಾಯವಾಗತೊಡಗಿತು. ಟಕ್ ಟಕ್ ಸದ್ದೂ ಶುರುವಾಯಿತು. ಮಿಷನ್ನಿನದೇ ಸದ್ದೆಂದು ಚಿಕ್ಕಮ್ಮ ಅದಕ್ಕೆ ಎಣ್ಣೆ ಬಿಟ್ಟಿದ್ದೇ ಬಿಟ್ಟಿದ್ದು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮಿಷನ್ ನಿಂತರೂ ಟಕ್ ಟಕ್ ನಿಲ್ಲಲಿಲ್ಲ.

ಟಾರ್ಚ್ ಬಿಟ್ಟು ನೋಡಿದರೆ, ಕಲ್ಲಿನ ತೂತಿನಲ್ಲಿ ಸೀಗಡಿಯಂಥ ಪ್ರಾಣಿಯೊಂದು ಕೂತು ಬಸವನಹುಳುವಿನ ಚಿಪ್ಪನ್ನು ಗುದ್ದುತ್ತಿತ್ತು. "ಮ್ಯಾಂಟಿಸ್ ಸೀಗಡಿ. ನಿಮ್ಮ ಮೀನು ತಿಂದಿದ್ದು ಇದೇ. ಕಲ್ಲಿನೊಳಗೇ ಬಂದಿದೆ," ಎಂದ ಮೀನಿನ ಅಂಗಡಿಯವನು, ಫೋಟೊ ನೋಡಿ.

ಚಿಕ್ಕಮ್ಮ ಓರಗಿತ್ತಿಗೆ ಫೋನ್ ಮಾಡಿದಳು. "ಅಕ್ಕಾ, ನಿಮ್ಮಲ್ಲೂ ಮೀನು ಮಾಯವಾಗ್ತಿದ್ವಾ?"

"ಹೂಂ ಕಣೆ. ಆ ಕಲ್ಲು ನಿಂಗೆ ಸಾಗಹಾಕಿದ ಮೇಲೆ ನೋಡು, ನಿಂತೇಹೋಯ್ತು!" ನಗುತ್ತಾ ಹೇಳಿದಳು ಆ ಮಹಾತಾಯಿ.

ಚಿಕ್ಕಮ್ಮನಿಗೆ ಮೈಯೆಲ್ಲಾ ಉರಿದುಹೋಯಿತು. ಆದರೂ ಪ್ರಾಣಿಯನ್ನು ಕೊಲ್ಲದೆ, ಬೇರೆ ತೊಟ್ಟಿಗೆ ಹಾಕಿ ಬಾಗಿಲ ಎದುರಿಗೇ ಇಟ್ಟಳು.

ಓರಗಿತ್ತಿ ಬಟ್ಟೆ ಹೊಲಿಸಲು ಬಂದ ದಿನ ಅಂಗಡಿ ತುಂಬ ಗಿರಾಕಿಗಳು. ಗಾಜಿನತ್ತ ಬಗ್ಗಿದವರಿಗೆ ಚಿಕ್ಕಮ್ಮ ಜೋರಾಗಿ ಹೇಳಿದಳು: "ದೂರ ನಿಲ್ಲಿ. ಕಂಡೋರ ಮನೆ ಹಾಳು ಮಾಡೋ ಜಾತಿ ಅದು. 'ಅಕ್ಕ' ಅಂತ ಹೆಸರಿಟ್ಟಿದೀನಿ."

ಓರಗಿತ್ತಿ ಪೆಚ್ಚಾಗಿ ಅಳತೆಗೆ ಕೈ ಎತ್ತಿದಳು.

"ಟೇಪ್ ಬೇಡ ಅಕ್ಕಾ. ನಿಮ್ಮ ಅಳತೆ ನಂಗೆ ಗೊತ್ತಾಗಿದೆ."