ಸ್ಪೀಕರಿನಲ್ಲಿದ್ದ ಫೋನು

ಹಡಗಲಿಯಲ್ಲಿ ಮಲ್ಲಿಗೆ ಕಟ್ಟಲು ಕೂತ ಅವ್ವನ ಎರಡೂ ಕೈಗೆ ಬಿಡುವಿರುವುದಿಲ್ಲ. ಹಾಗಾಗಿ ಅವಳ ಫೋನು ಸದಾ ಸ್ಪೀಕರಿನಲ್ಲಿ. ಕೆನಡಾದಲ್ಲಿ ಓದುತ್ತಿರುವ ನಾನು ಏನು ಹೇಳಿದರೂ ಜೊತೆಗೆ ಹೂ ಕಟ್ಟುವ ಓಣಿಯ ಹೆಂಗಸರಿಗೆಲ್ಲ ಗೊತ್ತಾಗುತ್ತದೆ. ಅದಕ್ಕಾಗಿ ಎಷ್ಟು ಸಲ ಜಗಳಾಡಿದ್ದೆನೋ!

ಒಂದು ಸಂಜೆ ಯಾವನೋ ವಲಸೆ ಅಧಿಕಾರಿಯೆಂದು ಅವ್ವನಿಗೆ ಫೋನು ಮಾಡಿ, "ನಿಮ್ಮ ಮಗಳ ವೀಸಾ ರದ್ದಾಗಿದೆ, ಅರೆಸ್ಟ್ ಮಾಡಿದ್ದೇವೆ. ಈಗಲೇ ದಂಡ ಕಟ್ಟಿ. ಯಾರಿಗೂ ಹೇಳಬೇಡಿ" ಎಂದು ಗದರಿದ. ಪಕ್ಕದಲ್ಲಿದ್ದ ಚಿಗವ್ವ ತನ್ನ ಫೋನಿನಿಂದ ನನಗೆ ಹಚ್ಚಿ, ಅದನ್ನೂ ಸ್ಪೀಕರಿಗೆ ಹಾಕಿದಳು. ನನಗಾಗ ಬೆಳಗು, ಕ್ಲಾಸಿಗೆ ಹೊರಟಿದ್ದೆ. "ಅವ್ವಾ, ನಾ ಆರಾಮ ಅದೀನಿ" ಎಂದೆ. ಅವ್ವನ ಫೋನಿನಿಂದ ಅವನ ದನಿಯೂ ನನಗೆ ಕೇಳಿಸಿತು: "ಯಾರಿಗೂ ಹೇಳಿಲ್ಲ ತಾನೇ?"

ಅವ್ವ ಹೂ ಕೆಳಗಿಡಲೇ ಇಲ್ಲ. "ನಾ ಯಾರಿಗೂ ಹೇಳಿಲ್ರಿ. ಓಣಿಗೆಲ್ಲ ನೀವ ಹೇಳಿಬಿಟ್ರಿ. ಮಗಳೂ ಕೇಳಾಕತ್ಯಾಳ."