ತಿಪಾಯಿ ತುಂಬುವ ತನಕ

ಆ ಹೆಣಿಗೆಯ ನಟ್ಟನಡುವೆ ಒಂದು ಪುಟ್ಟ ತೂತಿತ್ತು. ಹುಣಸೆ ಬೀಜ ತೂರಿಸಿದರೆ ಅಲ್ಲೇ ಸಿಕ್ಕಿಕೊಳ್ಳುವಷ್ಟು. ಅದರ ಸುತ್ತ ಹನ್ನೆರಡು ಕಂಬ. ಕ್ರೋಶಾ ಕಡ್ಡಿಯಿಂದ ನೂಲನ್ನು ಎಳೆದು ನಿಲ್ಲಿಸುವ ಒಂದೊಂದು ಹೊಲಿಗೆಗೂ ನಮ್ಮ ಮನೆಯಲ್ಲಿ ಕಂಬ ಎನ್ನುತ್ತಿದ್ದರು.

ನಾನು ಚಿಕ್ಕವಳಿದ್ದಾಗ, ಅಂದರೆ ಈಗಿನ ನಿಮ್ಮಷ್ಟೇ ಇದ್ದಾಗ, ನಮ್ಮ ಮನೆ ಮೂರು ಊರುಗಳಲ್ಲಿ ಹಂಚಿಹೋಗಿತ್ತು. ಅವ್ವ ಔರಾದಿನ ಆಸ್ಪತ್ರೆಯಲ್ಲಿ ನರ್ಸ್. ಅಪ್ಪನಿಗೆ ಬೀದರಿನ ಕೊಳಾರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕಾಲೇಜಿಗೆ ಹೋಗುತ್ತಿದ್ದ ಅಕ್ಕ, ಅಂದರೆ ನಿಮ್ಮ ಅವ್ವ, ಅಪ್ಪನ ಜೊತೆಗಿದ್ದಳು. ನಾನು ಭಾಲ್ಕಿಯಲ್ಲಿ, ನನ್ನ ಅವ್ವನ ತಾಯಿಯಾದ ಆಯಿಯ ಹತ್ತಿರ.

ಒಮ್ಮೆ ಬಂದಾಗ ಅವ್ವ ಬಿಳಿ ನೂಲಿನಲ್ಲಿ ಆ ದುಂಡನೆಯ ಹೆಣಿಗೆ ಶುರುಮಾಡಿ, ಅಂಗೈಯಗಲ ಆದ ಮೇಲೆ ಕಡ್ಡಿಯ ಸಮೇತ ನನ್ನ ಕೈಗಿಟ್ಟಳು. ಪಡಸಾಲೆಯ ದುಂಡು ತಿಪಾಯಿಯನ್ನು ತೋರಿಸಿ, "ಇದು ಈ ತಿಪಾಯಿ ತುಂಬ ಆಗೂದ್ರಾಗ ನನಗ ಕ್ವಾರ್ಟರ್ಸ್ ಸಿಗ್ತದ. ಆವಾಗ ನಿನ್ನ ಕರ್ಕೊಂಡು ಹೋಗ್ತೇನಿ" ಎಂದಳು. ಕ್ವಾರ್ಟರ್ಸ್ ಎಂದರೇನೋ ನನಗೆ ತಿಳಿಯಲಿಲ್ಲ. ತಿಪಾಯಿ ಎಷ್ಟು ದೊಡ್ಡದೆಂದು ತಿಳಿದಿತ್ತು.

ಶಾಲೆಯಿಂದ ಬಂದವಳೇ ಹೊಸ್ತಿಲ ಮೇಲೆ ಕೂತು ಹೆಣೆಯುತ್ತಿದ್ದೆ. ಓಣಿಯ ಮಕ್ಕಳು ಕರೆದು ಕರೆದು ಸುಮ್ಮನಾದರು. ಆಯಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ನೂಲಿಗೆ ಅವ್ವನ ಪೆಟ್ಟಿಗೆಯ ಡಾಂಬರ್ ಗುಳಿಗೆಯ ವಾಸನೆಯಿತ್ತು. ಸುತ್ತು ದೊಡ್ಡದಾದಂತೆ ಮುಗಿಯುವುದೂ ತಡವಾಗುತ್ತಿತ್ತು, ಆದರೆ ಅಗಲವಾಗುತ್ತಿದ್ದುದು ಒಂದು ಬೆರಳಷ್ಟೂ ಅಲ್ಲ.

ಭಾನುವಾರ ಅವ್ವ ಬರುತ್ತಾಳೆಂದು ತಿಳಿದಾಗ ನನಗೊಂದು ಉಪಾಯ ಹೊಳೆಯಿತು. ಪ್ರತಿ ತೂತಿನಲ್ಲೂ ಎರಡೆರಡು ಕಂಬ ಹಾಕಿದರೆ ಹೆಣಿಗೆ ಎರಡು ಪಟ್ಟು ಬೇಗ ದೊಡ್ಡದಾಗಬೇಕಲ್ಲ? ಹಾಗೇ ಹಾಕಿದೆ. ಬೆರಳು ಕೆಂಪಾದರೂ ಹಾಕಿದೆ. ಅಂಚು ಮೊದಲು ಅಲೆಯಾಯಿತು, ಆಮೇಲೆ ನೆರಿಗೆಯಾಗಿ ಎದ್ದು ನಿಂತಿತು.

ಆಯಿ ಕಣ್ಣು ಕಿರಿದುಮಾಡಿ ನೋಡಿದಳು. "ಇದು ತಿಪಾಯಿ ಮ್ಯಾಲ ಹಾಸಲಿಕ್ಕೋ, ಪಲ್ಯ ಮಾಡಲಿಕ್ಕೋ? ಗೋಬಿ ಹೂವಾ ಆಗ್ಯದಲ್ಲ."

ನಾನು ಚರಗಿಯಲ್ಲಿ ಬಿಸಿನೀರು ತುಂಬಿ ಇಸ್ತ್ರಿಯಂತೆ ಉಜ್ಜಿದೆ. ನೆರಿಗೆ ಏಳುತ್ತಲೇ ಇತ್ತು. ಕೊನೆಗೆ ತಿಪಾಯಿಯ ಮೇಲೆ ಹಾಸಿ, ಅಂಚಿನುದ್ದಕ್ಕೂ ಉಪ್ಪಿನ ಭರಣಿ, ಗಡಿಯಾರ, ಲೋಟಗಳು, ಆಯಿಯ ಎಲೆ ಅಡಿಕೆ ಡಬ್ಬಿ, ಹೀಗೆ ಸಿಕ್ಕಿದ್ದನ್ನೆಲ್ಲ ಹೇರಿದೆ.

ಅವ್ವ ಬಂದು ಚಹಾದ ಕಪ್ಪು ಹಿಡಿದು ನಿಂತಳು. "ಇದೇನು, ಕಿರಾಣಿ ಅಂಗಡಿ ಹಾಕಿದ್ಯೇನು? ಕಪ್ಪಿಡಲಿಕ್ಕಿ ಜಾಗಾನೇ ಇಲ್ಲ."

"ತಿಪಾಯಿ ತುಂಬ್ಯದ" ಎಂದೆ.

ಅವ್ವ ಒಂದೊಂದೇ ಸಾಮಾನು ಎತ್ತಿದಳು. ಎತ್ತಿದಲ್ಲೆಲ್ಲ ನೆರಿಗೆ ಚಿಮ್ಮಿ ನಿಂತಿತು. ಆಯಿ ನಕ್ಕಳು. ಅವ್ವನೂ ನಕ್ಕಳು, ಆದರೆ ಬೇಗ ನಿಲ್ಲಿಸಿ ನನ್ನ ಕೆಂಪು ಬೆರಳನ್ನು ನೋಡುತ್ತಾ ಕೂತಳು.

"ಕ್ವಾರ್ಟರ್ಸ್ ಇನ್ನಾ ಸಿಕ್ಕಿಲ್ಲ, ಕೂಸೇ."

ಅವ್ವ ಹೆಣಿಗೆಯನ್ನು ಮಡಿಲಿಗೆಳೆದುಕೊಂಡಳು. "ಪ್ರತಿ ಸುತ್ತಿನ್ಯಾಗ ಹನ್ನೆರಡು ತೂತಿಗಷ್ಟೇ ಜೋಡಿ ಕಂಬ, ಉಳಿದದ್ದಕ್ಕೆಲ್ಲ ಒಂಟಿ ಹಾಕಬೇಕು. ಅದ್ಕಿಂತ ಕಮ್ಮಿ ಆದ್ರ ಬಟ್ಟಲಾಗ್ತದ, ಜಾಸ್ತಿ ಆದ್ರ ಹಿಂಗ ಏಳ್ತದ. ಸುತ್ತು ದೊಡ್ಡದಾದಂಗ ಆ ಹನ್ನೆರಡೂ ಜೋಡಿ ದೂರ ದೂರ ಹೋಗ್ತಾವ. ನಡುವ ಒಂಟಿ ಕಂಬ ಸುತ್ತಿಗೊಂದು ಹೆಚ್ಚಿಗಿ ಬರ್ತದ."

"ದೂರ ಹೋದ್ರ ಬಿಟ್ಟು ಹೋಗೂದಿಲ್ಲೇನು?"

"ಹ್ಯಾಂಗ ಬಿಡ್ತಾವ? ನೂಲು ಒಂದೇ ಅದಲ್ಲ."

ಸಂಜೆಯ ಬಸ್ಸಿಗೆ ಅವ್ವ ಹೋದಳು. ಎಲ್ಲಿಯವರೆಗೆ ಬಿಚ್ಚಬೇಕೋ ಅಲ್ಲಿ ಒಂದು ಕೆಂಪು ದಾರ ಕಟ್ಟಿಹೋಗಿದ್ದಳು. ಬಿಚ್ಚು ಎಂದು ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ನಿಮ್ಮ ಅವ್ವ ಊರಲ್ಲಿಲ್ಲದ ದಿನ ನೀವು ಬರೆದ ಚಿತ್ರವನ್ನು ಫೋನಿಗೆ ಹಿಡಿಯುತ್ತೀರಿ, ಅವಳು ಅಲ್ಲಿಂದಲೇ ನೋಡಿಬಿಡುತ್ತಾಳೆ. ನಮಗಿದ್ದುದು ಕಿರಾಣಿ ಅಂಗಡಿಯ ರೂಪಾಯಿ ಹಾಕುವ ಫೋನು. ಆಸ್ಪತ್ರೆಯಲ್ಲಿ ಯಾರೋ ಎತ್ತಿ "ಸಿಸ್ಟರ್ ವಾರ್ಡ್‌ನ್ಯಾಗ ಅದಾರ್ರಿ" ಎನ್ನುವಷ್ಟರಲ್ಲಿ ಅದು ಕಟ್ಟಾಗುತ್ತಿತ್ತು. ಆದರೂ ನಿನ್ನೆ ಫೋನಿಟ್ಟ ಮೇಲೆ ನಿಮ್ಮಲ್ಲಿ ಚಿಕ್ಕವಳು ಬಾಗಿಲಿನ ಕಡೆ ನೋಡುತ್ತಾ ಕೂತಳಲ್ಲ, ಆ ನೋಟ ನನಗೆ ಗೊತ್ತು. ಅದಕ್ಕೇ ಇಷ್ಟು ಹೇಳಿದೆ.

ಅವ್ವ ಹೋದ ಮರುದಿನ ಬೆಳಿಗ್ಗೆ ಆಯಿ ಏಳುವ ಮೊದಲೇ ನಾನು ಹೊಸ್ತಿಲ ಮೇಲೆ ಕೂತು ನೂಲು ಎಳೆದೆ. ನೆರಿಗೆಯೆಲ್ಲ ಬಿಚ್ಚಿಕೊಂಡು ಕೆಂಪು ದಾರದವರೆಗೆ ಬಂತು. ಬಿಚ್ಚಿದ ನೂಲು ಗುಂಗುರು ಗುಂಗುರಾಗಿತ್ತು. ಒಂದು ತೂತಿನಲ್ಲಿ ಎರಡು ಕಂಬ, ಆಮೇಲೆ ಒಂಟಿ, ಒಂಟಿ, ಒಂಟಿ, ಇನ್ನೂ ಒಂಟಿ, ಮತ್ತೆ ಎರಡು. ಸುತ್ತು ಮುಗಿದಾಗ ತಣ್ಣನೆಯ ಫರಸಿ ನೆಲದ ಮೇಲೆ ಹಾಸಿ ಅಂಗೈಯಿಂದ ಒತ್ತಿದೆ. ಕೈ ತೆಗೆದೆ. ಅದು ಏಳಲಿಲ್ಲ.